ತಪ್ಪುವುದಾದರೆ ಗೊಂಬೆಯ ಮೇಲೆ ತಪ್ಪಲಿ

(ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಸಭೆಗಳಲ್ಲಿ ಮಾಡಿದ ಭಾಷಣದ ಸಾರ)



ಬೀಡಿ ಕಟ್ಟಿ ಮಗಳನ್ನು ನರ್ಸಿಂಗ್ ಓದಿಸಿದ ತಾಯಂದಿರು ಈ ಸಭೆಯಲ್ಲಿ ಅನೇಕರಿದ್ದೀರಿ. ಮಗಳಿಗೆ ಪದವಿ ಬಂತು, ಕೆಲಸವೂ ಸಿಕ್ಕಿತು. ಆದರೂ ಮೊದಲ ರಾತ್ರಿಪಾಳಿಗೆ ಹೊರಡುವಾಗ ಅವಳ ಕೈ ನಡುಗುತ್ತದೆ. "ಇಷ್ಟು ಓದಿಯೂ ಹೆದರಿಕೆಯೇ?" ಎಂದು ಮನೆಯಲ್ಲಿ ಕೇಳುತ್ತಾರೆ, ವಾರ್ಡಿನಲ್ಲಿ ಗದರುತ್ತಾರೆ. ಇದು ಆ ಹುಡುಗಿಯ ದೋಷವಲ್ಲ ಎಂದು ಹೇಳುವುದಕ್ಕೇ ನಾವು ಬಂದಿದ್ದೇವೆ.

ನಿಮ್ಮ ಕಸುಬನ್ನೇ ನೋಡಿ. ಹೊಸಬಳಿಗೆ ಮೊದಲ ದಿನವೇ ಒಳ್ಳೆಯ ಎಲೆಯ ಕಟ್ಟು ಕೊಡುತ್ತೀರಾ? ಹರಕು ಎಲೆಯಲ್ಲಿ ಕೈ ಪಳಗಲಿ ಎನ್ನುತ್ತೀರಿ. ನಾವು ಮಾಸ್ತರಾಗಿದ್ದಾಗಲೂ ಮಕ್ಕಳಿಗೆ ಮೊದಲು ಕೊಟ್ಟದ್ದು ಸ್ಲೇಟನ್ನು; ಅದರ ಮೇಲಿನ ತಪ್ಪನ್ನು ಒರಸಬಹುದು. ರೋಗಿಯ ಮೈಮೇಲಾದ ತಪ್ಪನ್ನು ಒರಸಲಾಗದು.

ದಾದಿಗೂ ಅಂಥ ಸ್ಲೇಟು ಉಂಟು. ಅದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅಣಕು ಅಭ್ಯಾಸ. ಇದು ನಿನ್ನೆ ಮೊನ್ನೆಯದಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗೆ ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿ ಆಳೆತ್ತರದ ಗೊಂಬೆ ಮಾಡಿಕೊಟ್ಟರು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಉಸಿರು ಕೊಡಲು ಕಲಿಸುವ ಗೊಂಬೆ ತಂದರು. ಇಂದು ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ದೊಡ್ಡ ಕಾಲೇಜುಗಳಲ್ಲಿ ಇದಕ್ಕೆಂದೇ ಕೇಂದ್ರಗಳಿವೆ. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲೂ ಇದಕ್ಕೆ ಸ್ಥಾನವಿದೆ.

ಅಭ್ಯಾಸ ಹೇಗೆ? ಬಾಣಂತಿಗೆ ವಿಪರೀತ ರಕ್ತಸ್ರಾವ ಎಂದಿಟ್ಟುಕೊಳ್ಳಿ. ಒಬ್ಬಳು ಗರ್ಭಕೋಶ ನೀವಬೇಕು, ಒಬ್ಬಳು ಆಕ್ಸಿಟೋಸಿನ್ ಕೊಡಬೇಕು, ಒಬ್ಬಳು ಡಾಕ್ಟರನ್ನು ಕರೆಯಬೇಕು. ಹುಟ್ಟಿದ ಕೂಸು ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಉಸಿರು ಕೊಡಬೇಕು. ಹೃದಯ ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತಬೇಕು. ಪುಸ್ತಕದಲ್ಲಿ ಓದಿದವಳು ಬೇರೆ, ಗೊಂಬೆಯ ಮೇಲೆ ಹತ್ತು ಸಲ ಮಾಡಿದವಳು ಬೇರೆ. ಮುಗಿದ ಮೇಲೆ ಎಲ್ಲರೂ ಸುತ್ತ ಕುಳಿತು, ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂದು ಬೈಗುಳವಿಲ್ಲದೆ ವಿಚಾರಿಸುತ್ತಾರೆ. ಧೈರ್ಯ ಕುದುರುವುದು ಅಲ್ಲಿ. "ಡಾಕ್ಟರೇ, ಈ ಪ್ರಮಾಣ ಸರಿಯೇ?" ಎಂದು ಕೇಳುವ ನಾಲಗೆ ಪಳಗುವುದೂ ಅಲ್ಲೇ.

ಆದರೆ ಎರಡು ಮಾತು ಮರೆಯಬಾರದು. ಧೈರ್ಯ ಬಂದ ಮಾತ್ರಕ್ಕೆ ಕೈ ಸರಿಹೋಯಿತೆಂದಲ್ಲ, ಕೈಯನ್ನೂ ಪರೀಕ್ಷಿಸಬೇಕು. ಎರಡನೆಯದು, ಗೊಂಬೆ ಎಂದೂ ಹತ್ತು ದಾದಿಯರ ಕೆಲಸ ಮಾಡದು. ಒಬ್ಬಳ ಮೇಲೆ ಇಡೀ ವಾರ್ಡು ಹೇರಿ, "ನಿನಗೆ ತರಬೇತಿ ಆಗಿದೆಯಲ್ಲ" ಎನ್ನುವುದು ಮೋಸ.

ಕಾಲೇಜಿನಲ್ಲಿ ಕಲಿತದ್ದು ಅಭ್ಯಾಸ ತಪ್ಪಿದರೆ ಮರೆತುಹೋಗುತ್ತದೆ. ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಬಂಟ್ವಾಳ, ಬೆಳ್ತಂಗಡಿಗಳ ತಾಲೂಕು ಆಸ್ಪತ್ರೆಗಳಲ್ಲಿ, ಮೂಡಬಿದ್ರೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ, ಖಾಸಗಿ ಆಸ್ಪತ್ರೆಗಳಲ್ಲಿ ಹೊಸ ದಾದಿಯರಿಗೆ ತಿಂಗಳಿಗೊಮ್ಮೆಯಾದರೂ ಈ ಅಭ್ಯಾಸ ನಡೆಯಲಿ. ಅದು ಸಂಬಳದ ವೇಳೆಯಲ್ಲೇ ನಡೆಯಲಿ, ರಜೆಯ ದಿನ ಕಸಿದುಕೊಂಡಲ್ಲ. ಮಾತಾಡುವ, ಕಣ್ಣು ಮಿಟುಕಿಸುವ ದುಬಾರಿ ಯಂತ್ರವೇ ಬೇಕೆಂದಿಲ್ಲ. ನೀರು ತುಂಬಿಸಿದರೆ ಕೂಸಿನಷ್ಟೇ ತೂಗುವ ಸರಳ ಗೊಂಬೆಯೂ ಇದೆ. ಮೊದಲ ನಿಮಿಷದ ಪಾಠಕ್ಕೆ ಅದು ಸಾಕು.

ನಾಳೆ ಆ ಹಾಸಿಗೆಯಲ್ಲಿ ಮಲಗುವವರು ನಿಮ್ಮ ಸೊಸೆಯೋ, ನಾವೋ. ಬೇಡಿಕೆಯ ಪತ್ರ ಮೇಜಿನ ಮೇಲಿದೆ. ಓದಿ, ಒಪ್ಪಿಗೆಯಾದರೆ ರುಜು ಹಾಕಿ.