ಟೈಪ್ 1 ಮಧುಮೇಹ: ಲಕ್ಷಣ ಕಾಣುವ ಮೊದಲಿನ ವರ್ಷಗಳು

ಮಗು ಪದೇ ಪದೇ ನೀರು ಕೇಳುತ್ತದೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತದೆ. ಕೆಲವೇ ವಾರಗಳಲ್ಲಿ ಬಡಕಲಾಗುತ್ತದೆ. ಮನೆಯವರಿಗೆ ಇದು ನಿನ್ನೆ ಮೊನ್ನೆ ಬಂದ ಕಾಯಿಲೆ. ಬಹುಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. ಅದು ಹಾಗಲ್ಲ ಎಂದು ಗೊತ್ತಾದದ್ದು ಹೇಗೆ, ಗೊತ್ತಾದ ಮೇಲೆ ಏನೇನು ಮಾಡಿ ನೋಡಿದರು ಎಂಬುದೇ ಇವತ್ತಿನ ವಿಷಯ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಿದರು. ಅಲ್ಲಿಂದಾಚೆ ಈ ಕಾಯಿಲೆ ಬಂದ ಮಕ್ಕಳು ಬದುಕತೊಡಗಿದರು. ಆದರೆ ಇನ್ಸುಲಿನ್ ಕೊರತೆಯನ್ನು ತುಂಬುತ್ತದೆ, ಅಷ್ಟೇ. ಕೊರತೆ ಬಂದದ್ದಾದರೂ ಯಾಕೆ?

ಬೆಲ್ಜಿಯಂನ ರೋಗಶಾಸ್ತ್ರಜ್ಞ ವಿಲ್ಲಿ ಗೆಪ್ಟ್ಸ್ ಈ ಪ್ರಶ್ನೆಯ ಬೆನ್ನು ಹತ್ತಿದರು. ರೋಗ ಪತ್ತೆಯಾದ ಸ್ವಲ್ಪ ಸಮಯದಲ್ಲೇ ತೀರಿಕೊಂಡವರ ಮೇದೋಜೀರಕ ಗ್ರಂಥಿಯ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಆ ಗ್ರಂಥಿಯಲ್ಲಿ ಪುಟ್ಟ ಪುಟ್ಟ ಗುಂಪುಗಳಲ್ಲಿರುತ್ತವೆ. ಆ ಗುಂಪುಗಳಿಗೆ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಸೋಂಕಿನ ಮೇಲೆ ಎರಗಬೇಕಾದ ಪಡೆ ಸ್ವಂತ ದೇಹದ ಮೇಲೆಯೇ ಎರಗಿತ್ತು. ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು: ಬೀಟಾ ಕೋಶಗಳು ಪೂರ್ತಿ ನಾಶವಾಗಿರಲಿಲ್ಲ, ಅಷ್ಟಿಷ್ಟು ಉಳಿದಿದ್ದವು. 1965ರ ಈ ವರದಿಯನ್ನು ನಾನು ಇಡೀ ಕಥೆಯ ಬುನಾದಿ ಎನ್ನುತ್ತೇನೆ. ಉಳಿದದ್ದು ಇದ್ದರೆ ತಾನೇ ಉಳಿಸಿಕೊಳ್ಳುವ ಮಾತು!

1974ರಲ್ಲಿ ಲಂಡನ್‌ನಲ್ಲಿ ಬೊಟಾಜೊ ಮತ್ತು ಡೆಬೊರಾ ಡೋನಿಯಾಕ್ ತಂಡ ರೋಗಿಗಳ ರಕ್ತದಲ್ಲಿ ಈ ಕೋಶಗಳ ವಿರುದ್ಧದ ಪ್ರತಿಕಾಯಗಳನ್ನು, ಅಂದರೆ ಗುರಿಗೆ ಹೋಗಿ ಅಂಟುವ ರಕ್ಷಣಾ ಪ್ರೋಟೀನುಗಳನ್ನು, ಪತ್ತೆಹಚ್ಚಿತು. ಮುಂದಿನ ಹೆಜ್ಜೆ ಬಾಸ್ಟನ್‌ನ ಜಾಸ್ಲಿನ್ ಕೇಂದ್ರದ್ದು. ಅಲ್ಲಿ ತದ್ರೂಪಿ ತ್ರಿವಳಿ ಮತ್ತು ಅವಳಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಒಬ್ಬರಿಗೆ ಆಗಲೇ ಮಧುಮೇಹ, ಒಡಹುಟ್ಟಿದವರು ಇನ್ನೂ ಆರೋಗ್ಯವಂತರು. ಆದರೆ ಹಾಗೆ ಆರೋಗ್ಯವಾಗಿದ್ದ ಕೆಲವರಲ್ಲೂ ರೋಗ ಬರುವುದಕ್ಕೆ ವರ್ಷಗಳ ಮೊದಲೇ ಪ್ರತಿಕಾಯ ಕಾಣಿಸಿಕೊಂಡು, ಇನ್ಸುಲಿನ್ ಸ್ರವಿಸುವ ಶಕ್ತಿ ನಿಧಾನವಾಗಿ ಇಳಿಯುತ್ತಿತ್ತು. 1983ರಲ್ಲಿ ಪ್ರಕಟವಾದ ಈ ಅಧ್ಯಯನದ ಮೊದಲ ಲೇಖಕರು ಎಸ್. ಶ್ರೀಕಾಂತ, ಮುಂದೆ ಬೆಂಗಳೂರಿನಲ್ಲಿ ಮಧುಮೇಹಿಗಳ ಚಿಕಿತ್ಸೆಗೆ ತೊಡಗಿಸಿಕೊಂಡ ವೈದ್ಯರು. ಜೊತೆಗಿದ್ದ ಜಾರ್ಜ್ ಐಸೆನ್‌ಬಾರ್ತ್ 1986ರಲ್ಲಿ ಈ ಕಾಯಿಲೆ ಹಂತಹಂತವಾಗಿ ಬೆಳೆಯುತ್ತದೆ ಎಂಬ ಚಿತ್ರವನ್ನು ಸ್ಪಷ್ಟವಾಗಿ ಮುಂದಿಟ್ಟರು.

ಹಾಗಿದ್ದರೆ ಮಧ್ಯದಲ್ಲೇ ತಡೆಯಬಹುದಲ್ಲ? ಕೆನಡಾ ಮತ್ತು ಫ್ರಾನ್ಸ್‌ನ ವೈದ್ಯರು ಮೂತ್ರಪಿಂಡ ಕಸಿಯಲ್ಲಿ ಬಿಳಿ ರಕ್ತಕಣಗಳ ದಾಳಿ ತಗ್ಗಿಸಲು ಬಳಸುವ ಸೈಕ್ಲೋಸ್ಪೊರಿನ್ ಕೊಟ್ಟು ನೋಡಿದರು. ಹೊಸದಾಗಿ ರೋಗ ಪತ್ತೆಯಾದ ಕೆಲವರಿಗೆ ಇನ್ಸುಲಿನ್ನೇ ಬೇಡವಾಯಿತು. ಔಷಧ ನಿಲ್ಲಿಸಿದರೆ ರೋಗ ಮರಳಿತು, ಮುಂದುವರಿಸಿದರೆ ಮೂತ್ರಪಿಂಡಕ್ಕೇ ಅಪಾಯ. ದಾರಿ ಕೈಬಿಡಬೇಕಾಯಿತು. ಆಮೇಲಿನದು ಸೋಲಿನ ಸಾಲು. ಅಮೆರಿಕದಲ್ಲಿ ರೋಗಿಗಳ 84,000ಕ್ಕೂ ಹೆಚ್ಚು ಸಂಬಂಧಿಕರ ರಕ್ತ ಪರೀಕ್ಷಿಸಿ, ಅಪಾಯ ಹೆಚ್ಚಿದ್ದವರಿಗೆ ಸಣ್ಣ ಪ್ರಮಾಣದ ಇನ್ಸುಲಿನ್ ಮೊದಲೇ ಚುಚ್ಚಿದರು. ಪ್ರಯೋಜನವಾಗಲಿಲ್ಲ ಎಂದು 2002ರಲ್ಲಿ ತಿಳಿಯಿತು. ಯುರೋಪಿನಲ್ಲಿ ನಿಕೊಟಿನಮೈಡ್ ಎಂಬ ವಿಟಮಿನ್ ಕೊಟ್ಟರು. ಅದರಿಂದಲೂ ಇಲ್ಲ. ಇವುಗಳನ್ನು ವ್ಯರ್ಥ ಎನ್ನಲು ನನಗೆ ಮನಸ್ಸು ಬಾರದು. ಯಾರಿಗೆ ರೋಗ ಬರುತ್ತದೆಂದು ಮುಂಚಿತವಾಗಿ ಗುರುತಿಸುವ ವಿದ್ಯೆ ಪಳಗಿದ್ದೇ ಈ ಪ್ರಯೋಗಗಳಲ್ಲಿ.

ಗೆದ್ದದ್ದು ಬೇರೊಂದು ದಾರಿ. ದಾಳಿ ಮಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ಮೈಮೇಲೆ ಸಿಡಿ3 ಎಂಬ ಪ್ರೋಟೀನು ಇರುತ್ತದೆ. ಅದಕ್ಕೆ ಅಂಟುವ ಒಂದು ಪ್ರತಿಕಾಯವನ್ನು ಅಂಗಾಂಗ ಕಸಿಯಲ್ಲಿ ಬಳಸುತ್ತಿದ್ದರು, ಆದರೆ ವಿಪರೀತ ಜ್ವರ ಬರುತ್ತಿತ್ತು. ವಿಜ್ಞಾನಿ ಜೆಫ್ರಿ ಬ್ಲೂಸ್ಟೋನ್ ತಂಡ ಆ ಅಣುವಿನ ಎರಡು ಅಮೈನೊ ಆಮ್ಲ ಬದಲಿಸಿ ಅದನ್ನು ಸೌಮ್ಯಗೊಳಿಸಿತು. ಅದೇ ಟೆಪ್ಲಿಜುಮ್ಯಾಬ್. 1994ರಲ್ಲಿ ಪ್ಯಾರಿಸ್‌ನ ಲೂಸಿಯೆನ್ ಶಾಟನೂ ಇಂಥದ್ದೇ ಪ್ರತಿಕಾಯದಿಂದ ಮಧುಮೇಹ ಬಂದ ಇಲಿಗಳನ್ನು ಸುಧಾರಿಸಿ ತೋರಿಸಿದ್ದರು. ಆದರೆ ಮನುಷ್ಯರಲ್ಲಿ ನಡೆದ ಟೆಪ್ಲಿಜುಮ್ಯಾಬ್‌ನ ಒಂದು ದೊಡ್ಡ ಪ್ರಯೋಗ ಗುರಿ ಮುಟ್ಟದೆ, 2010ರಲ್ಲಿ ಔಷಧ ಕಂಪನಿ ಹಿಂದೆ ಸರಿಯಿತು. ವೈದ್ಯ ಕೆವನ್ ಹೆರಾಲ್ಡ್ ಮತ್ತು ಸಂಗಡಿಗರು ಬಿಡಲಿಲ್ಲ. ಪ್ರತಿಕಾಯಗಳಿದ್ದು, ಸಕ್ಕರೆ ಏರುಪೇರು ಶುರುವಾಗಿ, ಲಕ್ಷಣವಿನ್ನೂ ಕಾಣದ 76 ಮಂದಿಯನ್ನು ಆರಿಸಿಕೊಂಡರು. ದಿನಕ್ಕೊಂದು ಡ್ರಿಪ್, ಅರ್ಧ ಗಂಟೆಯಷ್ಟು, ಹದಿನಾಲ್ಕು ದಿನ, ಜೀವನದಲ್ಲಿ ಒಂದೇ ಸಲ. ಕೆಲವರಿಗೆ ಮೈಮೇಲೆ ದದ್ದು, ಕೆಲಕಾಲ ಬಿಳಿ ರಕ್ತಕಣಗಳ ಇಳಿಕೆ. 2019ರ ಫಲಿತಾಂಶ ಹೀಗಿತ್ತು: ಹುಸಿ ಔಷಧ ಪಡೆದವರಿಗೆ ರೋಗ ಬರಲು ಸುಮಾರು 24 ತಿಂಗಳು, ಟೆಪ್ಲಿಜುಮ್ಯಾಬ್ ಪಡೆದವರಿಗೆ ಸುಮಾರು 48 ತಿಂಗಳು.

ಎರಡೇ ವರ್ಷವೇ ಎನ್ನಬೇಡಿ. ಎಂಟು ವರ್ಷದ ಮಗು ಚುಚ್ಚುಮದ್ದಿಲ್ಲದೆ ಹತ್ತಕ್ಕೆ ಕಾಲಿಡುವುದು, ಮಗು ರಾತ್ರಿ ಸಕ್ಕರೆ ಕುಸಿದು ಬಿದ್ದೀತೆಂಬ ಭಯವಿಲ್ಲದೆ ತಾಯಿ ಮಲಗುವುದು ಸಣ್ಣ ಸಂಗತಿಯಲ್ಲ. 2022ರ ನವೆಂಬರ್‌ನಲ್ಲಿ ಅಮೆರಿಕ ಟೆಪ್ಲಿಜುಮ್ಯಾಬ್‌ಗೆ ಒಪ್ಪಿಗೆ ಕೊಟ್ಟಿತು. ಈ ರೋಗವನ್ನು ಮುಂದೂಡುವ ಮೊದಲ ಔಷಧ ಇದು. ಆಗ ಅಲ್ಲಿ ಬೆಲೆ ಒಂದು ಪೂರ್ಣ ಚಿಕಿತ್ಸೆಗೆ 1,93,900 ಡಾಲರ್ ಇತ್ತು.

ಅಗ್ಗದ ದಾರಿಗಳೂ ತೆರೆಯುತ್ತಿವೆ. ಸಂಧಿವಾತದ ಮಾತ್ರೆ ಬ್ಯಾರಿಸಿಟಿನಿಬ್ ಹೊಸ ರೋಗಿಗಳ ಬೀಟಾ ಕೋಶಗಳನ್ನು ಕಾಪಾಡಿತು ಎಂದು ಮೆಲ್ಬರ್ನ್ ತಂಡ 2023ರಲ್ಲಿ ವರದಿ ಮಾಡಿತು. ರಕ್ತದೊತ್ತಡದ ಹಳೆಯ ಮಾತ್ರೆ ವೆರಾಪಮಿಲ್ ಕೂಡ ಸ್ವಲ್ಪ ಭರವಸೆ ತೋರಿದೆ.

ಆದರೆ ರೋಗವನ್ನು ಮುಂದೂಡುವ ಯಾವ ಔಷಧವಾದರೂ ಮುಂಚೆಯೇ ಪತ್ತೆಯಾದವರಿಗೆ ತಾನೇ ಕೊಡಲು ಸಾಧ್ಯ? ಟೈಪ್ 1 ಬರುವ ಹತ್ತರಲ್ಲಿ ಸುಮಾರು ಒಂಬತ್ತು ಜನರ ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗೂ ಅದು ಇರುವುದಿಲ್ಲ. ಹಾಗಾಗಿ ಜರ್ಮನಿಯ ಬವೇರಿಯಾದಲ್ಲಿ 2015ರಿಂದ ಪ್ರತಿಕಾಯಗಳಿಗಾಗಿ ಸಾಮಾನ್ಯ ಮಕ್ಕಳ ರಕ್ತವನ್ನೇ ಪರೀಕ್ಷಿಸತೊಡಗಿದರು. 90,000ಕ್ಕೂ ಹೆಚ್ಚು ಮಕ್ಕಳಲ್ಲಿ 280 ಮಂದಿಗೆ ರೋಗ ಒಳಗೊಳಗೇ ಶುರುವಾಗಿತ್ತು. ಇಟಲಿ 2023ರಲ್ಲಿ ಇಂಥ ಪರೀಕ್ಷೆಗಾಗಿ ಕಾನೂನನ್ನೇ ಮಾಡಿತು. ದುಬಾರಿ ಔಷಧ ಕೈಗೆಟುಕದಿದ್ದರೂ ಈ ಪರೀಕ್ಷೆಗೆ ಬೆಲೆಯಿದೆ. ಮೊದಲೇ ಗೊತ್ತಿರುವ ಮನೆಯವರು ಲಕ್ಷಣ ಕಂಡ ದಿನವೇ ಸಕ್ಕರೆ ಪರೀಕ್ಷಿಸುತ್ತಾರೆ, ಮಗುವಿನ ರಕ್ತ ಆಮ್ಲೀಯವಾಗಿ ಐಸಿಯು ಸೇರುವ ಸ್ಥಿತಿ ಬಹುಪಾಲು ತಪ್ಪುತ್ತದೆ. ನಮ್ಮಲ್ಲಿ ಟೈಪ್ 1 ಇರುವ ಮಗುವಿನ ಅಣ್ಣ-ತಮ್ಮ, ಅಕ್ಕ-ತಂಗಿಯರಿಗಾದರೂ ಈ ಪರೀಕ್ಷೆ ಮೊದಲು ಸಿಗಬೇಕು.