ಆಡಿಟ್ ರಿಪೋರ್ಟ್ ಕೈಗೆ ಬಂದಾಗ ಏನು ಕೇಳಬೇಕು?



ಇವತ್ತು ಮುಂಬೈನ ಫೋರ್ಟ್ ಏರಿಯಾದ ಎರಡು ಕಟ್ಟಡಗಳ ಕತೆ ಹೇಳ್ತೀನಿ.

ಮೊದಲನೇದು ಸಿಎಸ್‌ಎಂಟಿ ಸ್ಟೇಷನ್ ಪಕ್ಕದ ಹಿಮಾಲಯ ಪಾದಚಾರಿ ಸೇತುವೆ. 2019ರ ಮಾರ್ಚ್ 14, ಆಫೀಸ್ ಬಿಟ್ಟು ಜನ ಟ್ರೈನ್ ಹಿಡಿಯೋ ಹೊತ್ತು. ಕಾಂಕ್ರೀಟ್ ಸ್ಲ್ಯಾಬ್‌ನ ಒಂದು ಭಾಗ ಕುಸಿದು ರಸ್ತೆಗೆ ಬಿತ್ತು. ಏಳು ಜನ ಹೋಗ್ಬಿಟ್ರು. ಅದಕ್ಕೂ ಮುಂಚೆ ಈ ಸೇತುವೆಗೆ ಸ್ಟ್ರಕ್ಚರಲ್ ಆಡಿಟ್ ಆಗಿತ್ತು. ಬಳಕೆಗೆ ಯೋಗ್ಯ, ಸಣ್ಣಪುಟ್ಟ ರಿಪೇರಿ ಸಾಕು ಅಂತ ವರದಿ ಬಂದಿತ್ತು.

ಎರಡನೇದು ಕಾಲಾ ಘೋಡಾದ ಎಸ್‌ಪ್ಲನೇಡ್ ಮ್ಯಾನ್ಶನ್, ಹಳೇ ವಾಟ್ಸನ್ಸ್ ಹೋಟೆಲ್. 1860ರ ದಶಕದಲ್ಲಿ ಎರಕದ ಕಬ್ಬಿಣದ ಕಂಬ, ತೊಲೆಗಳನ್ನ ಇಂಗ್ಲೆಂಡ್‌ನಲ್ಲಿ ಮಾಡಿಸಿ, ಹಡಗಲ್ಲಿ ತಂದು ಜೋಡಿಸಿದ್ದು. 2005ರಲ್ಲಿ ಮುಂಭಾಗ ಒಂದಷ್ಟು ಕುಸಿಯಿತು. 2019ರಲ್ಲಿ ಐಐಟಿ ಬಾಂಬೆ ವರದಿ ಕೆಡವೋದೇ ಸರಿ ಅಂತು. ಹೈಕೋರ್ಟ್ ನೇಮಿಸಿದ ತಜ್ಞರು ನೋಡಿ, ದುರಸ್ತಿ ಸಾಧ್ಯ ಅಂದ್ರು.

ಕಟ್ಟಡ ಒಂದೇ, ಅಭಿಪ್ರಾಯ ಎರಡು. ಯಾಕೆ ಹೀಗೆ? ತೊಂದರೆ ಒಳಗಿರುತ್ತೆ, ನಮಗೆ ಕಾಣೋದು ಪ್ಲಾಸ್ಟರ್. ಕಾಂಕ್ರೀಟ್ ಒಳಗಿನ ಕಂಬಿ ತುಕ್ಕು ಹಿಡಿದ್ರೆ, ಆ ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತೆ. ಕಾಂಕ್ರೀಟನ್ನ ಒಳಗಿಂದಲೇ ಸೀಳುತ್ತೆ. ಸಮುದ್ರದ ಉಪ್ಪುಗಾಳಿ ಇರೋ ಊರಲ್ಲಿ ಇದು ಇನ್ನೂ ಬೇಗ. ರಿಬೌಂಡ್ ಹ್ಯಾಮರ್ ಹೊಡೆದ್ರೆ ಮೇಲ್ಪದರದ ಗಟ್ಟಿತನ ಮಾತ್ರ ಗೊತ್ತಾಗುತ್ತೆ. ಕಂಬಿ ತುಕ್ಕು ಹಿಡಿಯುತ್ತಿರೋ ಸಾಧ್ಯತೆ ಎಷ್ಟು ಅನ್ನೋಕೆ ಹಾಫ್‌ಸೆಲ್ ಟೆಸ್ಟ್ ಮಾಡ್ಬೇಕು, ಎಷ್ಟು ಉಳಿದಿದೆ ಅನ್ನೋಕೆ ಕೆಲವು ಕಡೆ ಒಡೆದೇ ನೋಡ್ಬೇಕು. ಎಲ್ಲಿ ಒಡೀಬೇಕು, ಎಷ್ಟು ಕಡೆ ಒಡೀಬೇಕು ಅನ್ನೋದು ಇಂಜಿನಿಯರ್ ವಿವೇಚನೆಗೆ ಬಿಟ್ಟದ್ದು. ಅಲ್ಲೇ ಫೀಸು, ಸಮಯ, ಒತ್ತಡ ಎಲ್ಲಾ ಒಳಗೆ ಬರೋದು.

ನಿಮ್ಮ ಭಾಷೇಲೇ ಹೇಳ್ಬೇಕಂದ್ರೆ, ಟೆಸ್ಟ್ ಎಲ್ಲಾ ಪಾಸ್ ಅಂದ್ರೆ ಬರೆದಿದ್ದ ಟೆಸ್ಟ್‌ಗಳು ಪಾಸ್, ಅಷ್ಟೇ. ನಿಮ್ಮಲ್ಲಿ ತಪ್ಪಾದ್ರೆ ರೋಲ್‌ಬ್ಯಾಕ್ ಇದೆ. ನಮ್ಮಲ್ಲಿ ಇಲ್ಲ.

ಮುಂಬೈ, ಠಾಣೆ, ಪುಣೆಯ ಹಳೇ ಬಿಲ್ಡಿಂಗ್‌ಗಳಲ್ಲಿ ನಮ್ಮವರು ಬಹಳ ಜನ ಇದ್ದೀರಿ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಆಡಿಟ್ ಕಡ್ಡಾಯ. ಸೊಸೈಟಿ ಮೀಟಿಂಗ್‌ನಲ್ಲಿ ವರದಿ ಬಂದಾಗ ಕೊನೇ ಪುಟದ ತೀರ್ಮಾನ ಮಾತ್ರ ಓದಬೇಡಿ. ಮೂರು ಪ್ರಶ್ನೆ ಕೇಳಿ. ಎಲ್ಲೆಲ್ಲಿ, ಯಾವ ಟೆಸ್ಟ್ ಮಾಡಿದ್ರಿ? ಎಲ್ಲಿಗೆ ಹೋಗೋಕೆ ಆಗ್ಲಿಲ್ಲ? ರಿಪೇರಿ ತಡವಾದ್ರೆ ಏನಾಗುತ್ತೆ?

ಎರಡನೇ ಪ್ರಶ್ನೆಗೆ ನೇರ ಉತ್ತರ ಕೊಡೋ ಇಂಜಿನಿಯರ್ ಸಿಕ್ಕಿದ್ರೆ, ಅವರನ್ನ ಬಿಡಬೇಡಿ.