ತಿಮಿಂಗಿಲದ ಚರ್ಮವೂ ಸೀಸೆಯ ದ್ರಾವಣವೂ
(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ತಮ್ಮ ಮುಂದೆ ಇಡಬಯಸುವ ವಿಷಯವು ಬಹು ದೊಡ್ಡ ಪ್ರಾಣಿಯೊಂದರ ಬಹು ಚಿಕ್ಕ ತುಣುಕಿಗೆ ಸಂಬಂಧಪಟ್ಟುದು. ನಮ್ಮ ಪಡುವಣ ಕಡಲಿನಲ್ಲಿಯೂ ತಿಮಿಂಗಿಲಗಳಿವೆ. ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಇತರ ಕಡಲುಗಳಲ್ಲಿರುವ ತಮ್ಮ ಬಂಧುಗಳಂತೆ ಧ್ರುವಪ್ರದೇಶದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಇರುತ್ತವೆ. ಅವುಗಳ ಸಂಖ್ಯೆಯಾದರೋ ಬಹಳ ಕಡಿಮೆ. ಇಂತಹ ಪ್ರಾಣಿಯನ್ನು ರಕ್ಷಿಸಬೇಕಾದರೆ ಅದು ಏನನ್ನು ತಿನ್ನುತ್ತದೆ, ಎಲ್ಲಿ ಮೇಯುತ್ತದೆ, ಯಾವ ವಿಷಗಳು ಅದರ ಮೈಸೇರಿವೆ ಎಂಬುದನ್ನು ಅರಿಯಬೇಕು. ಆದರೆ ಕಡಲಾಳದಲ್ಲಿ ತಿಮಿಂಗಿಲವು ಉಣ್ಣುವುದನ್ನು ಕುಳಿತು ನೋಡಿದವರಾರು?

ಆದುದರಿಂದ ವಿಜ್ಞಾನಿಗಳು ಒಂದು ಉಪಾಯವನ್ನು ಹೂಡಿದ್ದಾರೆ. ದೋಣಿಯಿಂದ ಅಡ್ಡಬಿಲ್ಲಿನ ಮೂಲಕ ಪೊಳ್ಳು ಮೊನೆಯ ಬಾಣವೊಂದನ್ನು ಬಿಡುತ್ತಾರೆ. ಅದು ಚರ್ಮವನ್ನೂ ಅದರ ಕೆಳಗಿನ ಕೊಬ್ಬನ್ನೂ ಬೆರಳ ತುದಿಯಷ್ಟು ಕಿತ್ತುಕೊಂಡು ಹಿಂದಕ್ಕೆ ಪುಟಿದು ನೀರಿನ ಮೇಲೆ ತೇಲುತ್ತದೆ. ಆ ಚೂರಿನಲ್ಲಿ ತಿಮಿಂಗಿಲದ ಆಹಾರದ ಲೆಕ್ಕ ಬರೆದಿರುತ್ತದೆ.

ಆ ಲೆಕ್ಕವನ್ನು ಓದುವ ಬಗೆ ಹೀಗೆ. ಇಂಗಾಲದ 100 ಪರಮಾಣುಗಳಲ್ಲಿ ಸುಮಾರು 99 ಪರಮಾಣುಗಳ ತೂಕ 12. ಉಳಿದ ಒಂದರದು 13. ಸಾರಜನಕದಲ್ಲಿಯೂ ಹೀಗೆಯೇ 14ರವು ಹೇರಳ, 15ರವು ವಿರಳ. ಒಂದನ್ನೊಂದು ತಿನ್ನುವ ಜೀವಿಗಳ ಸಾಲಿನಲ್ಲಿ ಮೇಲಿನ ಮೆಟ್ಟಿಲಿಗೆ ಹೋದಂತೆಲ್ಲ ಭಾರವಾದ ಸಾರಜನಕದ ಪ್ರಮಾಣವು ಸಾವಿರಕ್ಕೆ ಸುಮಾರು 3ರಷ್ಟು ಏರುತ್ತದೆ. ಭಾರವಾದ ಇಂಗಾಲವಾದರೋ ಆ ಪ್ರಾಣಿಯು ದಡದ ಬಳಿ ಮೇದಿತೋ ದೂರದ ಕಡಲಿನಲ್ಲಿ ಮೇದಿತೋ ಎಂಬುದನ್ನು ಸೂಚಿಸುತ್ತದೆ.

ತೊಡಕು ಇರುವುದು ಇಲ್ಲಿಯೇ. ಹಸಿಯ ಚರ್ಮವು ಕೆಡುವ ವಸ್ತು, ಪ್ರಯೋಗಶಾಲೆಯೋ ದೂರ. ನಮ್ಮ ತಾಯಂದಿರು ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುತ್ತಾರಷ್ಟೆ. ಮಿಡಿ ಕೆಡದೆ ಉಳಿಯುವುದು ನಿಜ; ಆದರೆ ಮರದಲ್ಲಿದ್ದಾಗ ಅದರಲ್ಲಿ ಉಪ್ಪಿನ ಅಂಶ ಎಷ್ಟಿತ್ತೆಂದು ಭರಣಿಯ ಮಿಡಿಯನ್ನು ಕೇಳಿದರೆ ಅದು ಹೇಗೆ ಹೇಳೀತು? ತಿಮಿಂಗಿಲದ ಚರ್ಮದ ಪಾಡೂ ಇದೇ.

1991ರಲ್ಲಿ ಏಮಸ್ ಮತ್ತು ಹೋಲ್ಜೆಲ್ ಎಂಬ ವಿಜ್ಞಾನಿಗಳು ತಿಮಿಂಗಿಲದ ಚರ್ಮವನ್ನು ಬಹುಕಾಲ ಕಾಪಾಡುವ ವಿಧಾನವನ್ನು ಪ್ರಕಟಿಸಿದರು. ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರವವನ್ನು ನೂರಕ್ಕೆ 20ರಂತೆ ನೀರಿಗೆ ಬೆರೆಸಿ, ಕರಗುವಷ್ಟು ಉಪ್ಪನ್ನು ಕೂಡಿಸಿದರೆ ಆ ದ್ರಾವಣವು ಸಿದ್ಧ. ಮಂಜುಗಡ್ಡೆಯಿಲ್ಲದ ಸಣ್ಣ ದೋಣಿಯಲ್ಲಿಯೂ ಇದು ವಂಶವಾಹಿ ದ್ರವ್ಯವಾದ ಡಿ.ಎನ್.ಎ.ಯನ್ನು ಕಾಪಾಡುತ್ತದೆ. ಆದರೆ ಆ ದ್ರವದಲ್ಲಿಯೇ ಇಂಗಾಲವುಂಟು. ಅದು ಚರ್ಮದಲ್ಲಿ ಇಂಗಿದಾಗ ಭಾರವಾದ ಇಂಗಾಲದ ಪ್ರಮಾಣವು ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ದಡದ ಬಳಿ ಮೇಯುವ ತಿಮಿಂಗಿಲವು ದೂರದ ಕಡಲಿನದೆಂದು ತೋರಬಹುದು. ರಕ್ಷಣೆಯ ಗಡಿಯನ್ನು ತಪ್ಪಾದ ಕಡೆ ಎಳೆಯಬಹುದು.

ಬೇರೆ ವಿಧಾನಗಳಿಗೂ ಅವುಗಳದೇ ದೋಷಗಳಿವೆ. ಫಾರ್ಮಲಿನ್ ಅಂಗಾಂಶದ ರೂಪವನ್ನು ಚೆನ್ನಾಗಿ ಉಳಿಸುತ್ತದೆ. ಆದರೆ ಪ್ರೋಟೀನುಗಳಿಗೆ ಅಂಟಿಕೊಂಡು ತನ್ನ ಇಂಗಾಲವನ್ನು ಸೇರಿಸುತ್ತದೆ, ಡಿ.ಎನ್.ಎ.ಯನ್ನೂ ಕೆಡಿಸುತ್ತದೆ. ಮದ್ಯಸಾರವು ಕೊಬ್ಬನ್ನು ಕರಗಿಸುತ್ತದೆ. ಡಿ.ಡಿ.ಟಿ.ಯಂತಹ ವಿಷಗಳು ನೆಲೆಸುವುದು ಕೊಬ್ಬಿನಲ್ಲಿಯೇ ಆದುದರಿಂದ ಸೀಸೆಯ ದ್ರವವನ್ನು ಚೆಲ್ಲಿದರೆ ಸಾಕ್ಷ್ಯದ ಒಂದು ಪಾಲನ್ನೂ ಚೆಲ್ಲಿದಂತಾಯಿತು. ಪ್ಲಾಸ್ಟಿಕ್ ಡಬ್ಬಿಯಿಂದಲೂ ಕೆಲವು ರಾಸಾಯನಿಕಗಳು ಒಸರಬಹುದು. ವಿಷಗಳ ಪರೀಕ್ಷೆಗೆ ಶುದ್ಧವಾದ ಗಾಜಿನ ಸೀಸೆಯೇ ಲೇಸು. ಕಡುಶೀತದಲ್ಲಿ, ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರಿಸುವುದು ಎಲ್ಲಕ್ಕಿಂತ ಉತ್ತಮ. ಆದರೆ ಆ ಅನುಕೂಲವು ಎಲ್ಲ ದೋಣಿಗಳಿಗೂ ಎಲ್ಲಿಂದ ಬರಬೇಕು?

ಪರಿಹಾರವೂ ಉಂಟು. ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಬೆರೆಸಿ ಚರ್ಮವನ್ನು ತೊಳೆದರೆ ಕೊಬ್ಬಿನೊಡನೆ ಆ ಸಲ್ಫಾಕ್ಸೈಡಿನ ಪ್ರಭಾವವೂ ಬಹುಮಟ್ಟಿಗೆ ಕಳೆಯುತ್ತದೆ. ಈ ತೊಳೆಯುವಿಕೆಯೇ ಸಾರಜನಕದ ಲೆಕ್ಕವನ್ನು ಸ್ವಲ್ಪ ಬದಲಿಸಬಹುದು. ಆದುದರಿಂದ, ಶೀತದಲ್ಲಿಟ್ಟ ಚರ್ಮವು ಸಾಕಷ್ಟಿದ್ದಲ್ಲಿ ಅದನ್ನು ಎರಡು ಪಾಲು ಮಾಡಿ, ತೊಳೆದುದನ್ನು ಇಂಗಾಲಕ್ಕೂ ತೊಳೆಯದುದನ್ನು ಸಾರಜನಕಕ್ಕೂ ಬಳಸುವುದು ಒಳ್ಳೆಯದು. ಯಾವ ಸೀಸೆಯಲ್ಲಿ ಯಾವ ದ್ರಾವಣವಿತ್ತು, ಎಷ್ಟು ದಿನವಿತ್ತು ಎಂಬುದನ್ನು ಚೀಟಿಯಲ್ಲಿ ಬರೆದಿರದಿದ್ದರೆ ಇವಾವುವೂ ಸಾಧ್ಯವಾಗವು.

ಸರಿಯಾಗಿ ಉಳಿಸಿದ ವಸ್ತು ಎಷ್ಟು ಮಾತಾಡಬಲ್ಲುದೆಂಬುದಕ್ಕೆ ಒಂದು ನಿದರ್ಶನ. 2007ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಹಡಗು ಬಡಿದು ನೀಲಿ ತಿಮಿಂಗಿಲವೊಂದು ಸತ್ತಿತು. ಅದರ ಕಿವಿಯೊಳಗಿನ ಗುಗ್ಗೆಯ ಬಿರಡೆಯನ್ನು ತೆಗೆದಿರಿಸಿದರು. ಮರದ ಉಂಗುರಗಳಂತೆ ಅದರಲ್ಲಿ ಪದರಗಳಿದ್ದುವು. ಅವುಗಳಿಂದ ಆ ಪ್ರಾಣಿಯ ಬಾಳಿನುದ್ದಕ್ಕೂ ಸೇರಿದ ಡಿ.ಡಿ.ಟಿ., ಪಾದರಸ ಮೊದಲಾದುವುಗಳ ಲೆಕ್ಕವನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು.

ಬಾಲಕ ಬಾಲಕಿಯರೇ, ನಿಮ್ಮಲ್ಲಿ ಕೆಲವರು ಮುಂದೆ ಇಂತಹ ಸೀಸೆಗಳನ್ನು ಕೈಯಲ್ಲಿ ಹಿಡಿಯುವವರಾಗಬಹುದು. ಸೀಸೆಯನ್ನು ಆರಿಸುವ ಮುನ್ನ ಪ್ರಶ್ನೆಯನ್ನು ಆರಿಸಿರಿ. ಮಾಡಿದುದನ್ನು ಮಾಡಿದಂತೆಯೇ ಬರೆದಿಡಿರಿ. ತಿಮಿಂಗಿಲವು ಕೊಟ್ಟ ಆ ಚೂರನ್ನು ಅದರಿಂದ ಮತ್ತೊಮ್ಮೆ ಬೇಡುವ ಅವಕಾಶವು ನಮಗೆ ದೊರೆಯಲಾರದು. ತಂದೆತಾಯಂದಿರೇ, ಮಕ್ಕಳು ಪ್ರಯೋಗದ ಪುಸ್ತಕದಲ್ಲಿ ತಾರೀಕನ್ನೂ ಅಳತೆಯನ್ನೂ ಬರೆಯುತ್ತ ಹೊತ್ತು ಕಳೆದರೆ ಅದನ್ನು ವ್ಯರ್ಥವೆಂದು ಎಣಿಸದಿರಿ. ಸತ್ಯವು ಕೆಡದಂತೆ ಉಳಿಯುವುದು ಆ ಬರವಣಿಗೆಯಿಂದಲೇ.